ಆಟಿಸಂಗಾಗಿ ಓಟ, ಈಜು, ದೇಣಿಗೆ: ರೊಕ್ಕ ಕೂಡಿಸೋದಕ್ಕೂ ಮೊದಲು ಅದನ್ನ ಹಿಡಿಯೋ ಕೈ ಬೇಕು

ಏಪ್ರಿಲ್ 2 ಹತ್ತಿರ ಬಂತಂದ್ರೆ ಮೊಬೈಲ್‌ನಲ್ಲಿ ಒಂದೇ ನಮೂನಿ ವಿಡಿಯೋಗಳು ಶುರುವಾಗ್ತವೆ. ಮಗನ ಹೆಸರು ಬರೆದ ಟೀ-ಶರ್ಟ್ ಹಾಕ್ಕೊಂಡು ಮ್ಯಾರಥಾನ್ ಓಡುವ ಅಪ್ಪ, ಮಗಳ ಸಲುವಾಗಿ ಸೈಕಲ್ ತುಳಿಯುವ ಅವ್ವ. ಕೆಳಗೆ ಒಂದು ಸಾಲು: ‘ನಾನು ಓಡುವ ಪ್ರತಿ ಕಿಲೋಮೀಟರಿಗೆ ನಿಮ್ಮ ಕೈಲಾದಷ್ಟು ಕೊಡಿ, ಆ ಹಣ ಆಟಿಸಂ ಮಕ್ಕಳ ಶಾಲೆಗೆ ಹೋಗುತ್ತೆ.’ ಅವತ್ತು ವಿಶ್ವ ಆಟಿಸಂ ಜಾಗೃತಿ ದಿನ. ವಿಶ್ವಸಂಸ್ಥೆ 2007ರ ಡಿಸೆಂಬರ್‌ನಲ್ಲಿ ನಿರ್ಣಯ ಮಾಡಿ, 2008ರಿಂದ ಈ ದಿನ ಆಚರಣೆಗೆ ಬಂದಿದೆ.

ಇಂಥ ವಿಡಿಯೋ ನೋಡಿದ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಪಾಲಕರಿಗೂ ‘ನಾವೂ ಹಿಂಗ ಏನಾರ ಮಾಡಬಹುದಾ’ ಅನ್ನಿಸೋದು ಸಹಜ. ಮಾಡಬಹುದು. ಆದರೆ ಹೊರಗಿನ ಉದಾಹರಣೆಗಳನ್ನ ಬಿಡಿಸಿ ನೋಡಿದರೆ ಒಂದು ಸಂಗತಿ ಕಾಣುತ್ತೆ. ಎಲ್ಲೆಲ್ಲಿ ಪಾಲಕರ ಓಟ, ನಡಿಗೆ, ಆಟದಿಂದ ಮಕ್ಕಳಿಗೆ ನಿಜವಾಗಿ ಅನುಕೂಲ ಆಗಿದೆಯೋ, ಅಲ್ಲೆಲ್ಲ ಓಟ ಮುಗಿಯುವ ಜಾಗದಲ್ಲಿ ಆ ರೊಕ್ಕ ಹಿಡಿದು ಮಗುವಿನ ಕಲಿಕೆಗೆ ಹಚ್ಚುವ ಒಂದು ಸಂಸ್ಥೆ ನಿಂತಿತ್ತು. ನಮ್ಮ ನಾಲ್ಕೂ ತಾಲೂಕುಗಳಲ್ಲಿ ಓಡುವ ಕಾಲಿಗೆ ಬರ ಇಲ್ಲ, ಕೊಡುವ ಕೈಗೂ ಬರ ಇಲ್ಲ. ಹಿಡಿಯುವ ಕೈಯೇ ಇಲ್ಲ.

ಆಟಿಸಂ ಅಂದ್ರೆ ಏನು, ಏನಲ್ಲ

ಕನ್ನಡದಲ್ಲಿ ಸ್ವಲೀನತೆ ಅಂತಾರೆ. ಇದು ಅಂಟುರೋಗ ಅಲ್ಲ, ಗಾಳಿ ಸೋಕಿದ್ದಲ್ಲ, ತಾಯಿ ಸರಿಯಾಗಿ ನೋಡಿಕೊಳ್ಳದ್ದರಿಂದ ಬಂದದ್ದೂ ಅಲ್ಲ. ಮೆದುಳಿನ ಬೆಳವಣಿಗೆಯೇ ಬೇರೆ ರೀತಿ ಇರುತ್ತೆ. ಹೆಸರು ಹಿಡಿದು ಕರೆದರೂ ತಿರುಗಿ ನೋಡದಿರುವುದು, ಬೇಕಾದ್ದನ್ನ ಬೆರಳು ಮಾಡಿ ತೋರಿಸದಿರುವುದು, ಮಾತು ತಡವಾಗುವುದು ಅಥವಾ ಬಂದ ಮಾತು ನಿಂತುಹೋಗುವುದು, ಒಂದೇ ಆಟವನ್ನ ತಾಸುಗಟ್ಟಲೆ ಆಡುವುದು, ಮಿಕ್ಸರ್ ಸಪ್ಪಳಕ್ಕೋ ಡಿಜೆ ಗದ್ದಲಕ್ಕೋ ಕಿವಿ ಮುಚ್ಚಿಕೊಂಡು ಚೀರುವುದು, ಇವು ಸಾಮಾನ್ಯವಾಗಿ ಕಾಣುವ ಗುರುತು. ಎಲ್ಲ ಮಕ್ಕಳಲ್ಲೂ ಎಲ್ಲವೂ ಇರೋದಿಲ್ಲ. ಕೆಲವರಿಗೆ ಮಾತು ಚೆನ್ನಾಗೇ ಇರುತ್ತೆ, ಬೆರೆಯೋದು ಮಾತ್ರ ಕಷ್ಟ.

ಊರಿನ ಹಿರಿಯರು ಸಮಾಧಾನ ಹೇಳೋದು ಒಂದೇ ಥರ: ‘ತಡದು ಮಾತಾಡ್ತಾನ ಬಿಡ್ರಿ, ಅವರಪ್ಪಗೂ ಹಂಗ ಆಗಿತ್ತು.’ ಹಂಗೂ ಆಗಬಹುದು. ಆದರೆ ಆಗದೇ ಇದ್ದಾಗ ಕಳೆದುಹೋಗೋದು ಮಗುವಿನ ಎರಡು, ಮೂರು, ನಾಲ್ಕನೇ ವರ್ಷ. ಕಲಿಸಿದ್ದು ಬೇಗ ಹತ್ತುವ ವಯಸ್ಸು ಅದೇ. ಆಟಿಸಂ ಗುಳಿಗೆಯಿಂದ ಹೋಗುವಂಥದ್ದಲ್ಲ. ಮಾತು-ಭಾಷೆಯ ತರಬೇತಿ, ದಿನನಿತ್ಯದ ಕೆಲಸ ಕಲಿಸುವ ತರಬೇತಿ, ತಾಯಿ-ತಂದೆಗೆ ಮನೆಯಲ್ಲಿ ಹೇಗೆ ಕಲಿಸಬೇಕು ಅನ್ನೋ ತರಬೇತಿ, ಇವೇ ಮಗುವಿಗೆ ಆಸರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. 2011ರ ಜನಗಣತಿ ಪ್ರಕಾರ ಧಾರವಾಡ ಜಿಲ್ಲೆಯ ಜನಸಂಖ್ಯೆ 18.47 ಲಕ್ಷ. ಅದೇ ಲೆಕ್ಕ ಹಚ್ಚಿದರೆ ಜಿಲ್ಲೆಯಲ್ಲಿ ಮಕ್ಕಳು, ದೊಡ್ಡವರು ಸೇರಿ 14 ಸಾವಿರಕ್ಕೂ ಹೆಚ್ಚು ಮಂದಿ ಆಗ್ತಾರೆ. ಇದು ಅಂದಾಜು ಅಷ್ಟೇ, ಎಣಿಕೆ ಅಲ್ಲ. ಆ ಜನಗಣತಿಯಲ್ಲಿ ಆಟಿಸಂಗೆ ಅಂತ ಬೇರೆ ಕಾಲಮ್ಮೇ ಇರಲಿಲ್ಲ. ಎಣಿಸದ ಮಂದಿಗೆ ಯೋಜನೆ ಬರೋದು ಕಷ್ಟ ಅನ್ನೋದು ಬೇರೆ ಹೇಳಬೇಕಿಲ್ಲ.

ಈ ‘ಚಾಲೆಂಜ್’ ನಡೆಯೋದು ಹೇಗೆ

ಲೆಕ್ಕ ಸರಳ. ಒಬ್ಬರು ಒಂದು ಕಷ್ಟದ ಕೆಲಸ ಮಾಡ್ತೀನಿ ಅಂತ ಮೊದಲೇ ಹೇಳ್ತಾರೆ. ಪರಿಚಯದವರು ‘ನೀನು ಮುಗಿಸು, ನಾನು ಇಷ್ಟು ಕೊಡ್ತೀನಿ’ ಅಂತ ಮಾತು ಕೊಡ್ತಾರೆ. ಹಣ ಓಡುವವರ ಜೇಬಿಗೆ ಬರೋದಿಲ್ಲ, ಅವರು ಹೆಸರಿಸಿದ ಸಂಸ್ಥೆಯ ಖಾತೆಗೆ ಹೋಗುತ್ತೆ. 1981ರಲ್ಲಿ ಶುರುವಾದ ಲಂಡನ್ ಮ್ಯಾರಥಾನ್ ಈ ಪದ್ಧತಿಯ ದೊಡ್ಡ ಜಾತ್ರೆ. 2024ರ ಒಂದೇ ಓಟದಲ್ಲಿ ಅಲ್ಲಿ ಓಡಿದವರು ಬೇರೆ ಬೇರೆ ಸೇವಾ ಸಂಸ್ಥೆಗಳಿಗೆ ಕೂಡಿಸಿದ್ದು 7.35 ಕೋಟಿ ಪೌಂಡ್. ನಮ್ಮ ರಾಜ್ಯದಲ್ಲಿ 2008ರಿಂದ ನಡೆಯುತ್ತಿರುವ ಬೆಂಗಳೂರಿನ ವರ್ಲ್ಡ್ 10ಕೆ ಓಟದಲ್ಲೂ ಸಂಸ್ಥೆಗಳ ಪರವಾಗಿ ಓಡಿ ದೇಣಿಗೆ ಎತ್ತುವವರು ಇದ್ದಾರೆ.

ಆಟಿಸಂ ವಿಚಾರದಲ್ಲಿ ಪಾಲಕರೇ ಮುಂದೆ ನಿಂತ ದೊಡ್ಡ ಉದಾಹರಣೆ ದಕ್ಷಿಣ ಆಫ್ರಿಕಾದ ಗಾಲ್ಫ್ ಆಟಗಾರ ಎರ್ನಿ ಎಲ್ಸ್ ಅವರದ್ದು. ಮಗ ಬೆನ್‌ಗೆ ಆಟಿಸಂ ಇದೆ ಅಂತ ಅವರು ಬಹಿರಂಗವಾಗಿ ಹೇಳಿಕೊಂಡರು. 2009ರಲ್ಲಿ ಹೆಂಡತಿ ಜೊತೆ ಸೇರಿ ಪ್ರತಿಷ್ಠಾನ ಕಟ್ಟಿದರು. ಆಮೇಲೆ ‘ಗಾಲ್ಫ್ ಚಾಲೆಂಜ್’ ಹೆಸರಲ್ಲಿ ಸರಣಿ ಪಂದ್ಯ ಇಟ್ಟು, ಆಡುವವರು ತಮ್ಮ ಗೆಳೆಯರಿಂದ ದೇಣಿಗೆ ಎತ್ತುವ ವ್ಯವಸ್ಥೆ ಮಾಡಿದರು. ಆ ಹಣ ಎಲ್ಲಿ ಹೋಯ್ತು ಅಂತ ಕೇಳಿದರೆ ತೋರಿಸೋಕೆ ಅಮೆರಿಕದ ಫ್ಲೋರಿಡಾದಲ್ಲಿ ಒಂದು ಕೇಂದ್ರ ಇದೆ, ಅದರಲ್ಲಿ ಮಕ್ಕಳು ಕಲೀತಾರೆ. ಇಲ್ಲಿ ಗಮನಿಸಬೇಕಾದ್ದು ಸರದಿ: ಮೊದಲು ಪ್ರತಿಷ್ಠಾನ, ಆಮೇಲೆ ಪಂದ್ಯ.

ಇದಕ್ಕೂ ಹಳೆಯ ಉದಾಹರಣೆ ಇಂಗ್ಲೆಂಡಿನದು. 1962ರಲ್ಲಿ ಕೆಲವು ಪಾಲಕರು ಕೂಡಿ ಸಂಘ ಕಟ್ಟಿದರು. ಆಗ ಇಂಥ ಮಕ್ಕಳನ್ನ ‘ಕಲಿಸೋಕೆ ಬರೋದಿಲ್ಲ’ ಅಂತ ಬಿಟ್ಟುಬಿಡುತ್ತಿದ್ದ ಕಾಲ. ಆ ಸಂಘವೇ ಹಣ ಕೂಡಿಸಿ 1965ರಲ್ಲಿ ಲಂಡನ್‌ನಲ್ಲಿ ಶಾಲೆ ತೆರೆಯಿತು. ಈಗ ಅದು ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ. ನಮ್ಮ ದೇಶದಲ್ಲೂ ಕಥೆ ಹೆಚ್ಚುಕಡಿಮೆ ಇದೇ. ಆಟಿಸಂ ಇರುವ ಮಗನ ತಾಯಿ ಮೆರಿ ಬರುವಾ 1991ರಲ್ಲಿ ದೆಹಲಿಯಲ್ಲಿ ಆ್ಯಕ್ಷನ್ ಫಾರ್ ಆಟಿಸಂ ಶುರು ಮಾಡಿದರು. ಬೆಂಗಳೂರಿನಲ್ಲಿ 1995ರಲ್ಲಿ ‘ಆಶಾ’ ಸಂಸ್ಥೆ ಬಂತು.

ಸಮುದ್ರ ಈಜಿದ ಹುಡುಗಿ

ಭಾರತದಲ್ಲಿ ಆಟಿಸಂ ಹೆಸರಲ್ಲಿ ಅತಿ ಹೆಚ್ಚು ಸುದ್ದಿಯಾದ ಸಾಹಸ ಮುಂಬೈನ ಜಿಯಾ ರಾಯ್ ಅವರದ್ದು. ಇಲ್ಲಿ ಸಾಹಸ ಮಾಡಿದ್ದು ಪಾಲಕರಲ್ಲ, ಆಟಿಸಂ ಇರುವ ಮಗಳೇ. ತಂದೆ ನೌಕಾಪಡೆಯ ನೌಕರ. 2021ರ ಫೆಬ್ರುವರಿ 17ರಂದು ಬಾಂದ್ರಾ-ವರ್ಲಿ ಸೇತುವೆಯಿಂದ ಗೇಟ್‌ವೇ ಆಫ್ ಇಂಡಿಯಾ ತನಕ 36 ಕಿ.ಮೀ. ದೂರವನ್ನ 8 ತಾಸು 40 ನಿಮಿಷದಲ್ಲಿ ಈಜಿ, ಅದನ್ನ ಆಟಿಸಂ ಜಾಗೃತಿಗೆ ಅರ್ಪಿಸಿದರು. 2022ರ ಮಾರ್ಚ್‌ನಲ್ಲಿ ಶ್ರೀಲಂಕಾದ ತಲೈಮನ್ನಾರ್‌ನಿಂದ ಧನುಷ್ಕೋಡಿಗೆ 29 ಕಿ.ಮೀ.ಗಳ ಪಾಕ್ ಜಲಸಂಧಿ ದಾಟಿದರು. 2024ರ ಜುಲೈನಲ್ಲಿ 34 ಕಿ.ಮೀ.ಗಳ ಇಂಗ್ಲಿಷ್ ಕಾಲುವೆಯನ್ನ 17 ತಾಸು 25 ನಿಮಿಷದಲ್ಲಿ ಮುಗಿಸಿದರು. 2022ರಲ್ಲೇ ಪ್ರಧಾನಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರ ಬಂದಿತ್ತು.

ಈ ಸಾಹಸದಿಂದ ಆದ ಲಾಭ ದೊಡ್ಡದು. ‘ಇಂಥ ಮಕ್ಕಳ ಕೈಲಿ ಏನೂ ಆಗೋದಿಲ್ಲ’ ಅನ್ನುವವರ ಬಾಯಿ ಮುಚ್ಚಿತು. ಆದರೆ ಅದರ ಹಿಂದೆ ಈಜುಕೊಳ, ತರಬೇತುದಾರರು, ರಜೆ ಕೊಡುವ ನೌಕರಿ, ವರ್ಷಗಟ್ಟಲೆ ದಿನಚರಿ ಎಲ್ಲ ಇತ್ತು ಅನ್ನೋದನ್ನ ಮರೀಬಾರದು. ಎಲ್ಲ ಆಟಿಸಂ ಮಕ್ಕಳೂ ಸಮುದ್ರ ಈಜಬೇಕು, ಇಲ್ಲಾ ಗಣಿತದಲ್ಲಿ ಮೇಧಾವಿ ಆಗಬೇಕು ಅಂತ ಕಾಯ್ತಾ ಕೂತರೆ ಸಾಮಾನ್ಯ ಮಗುವಿಗೆ ಅನ್ಯಾಯ. ತನ್ನ ಅಂಗಿ ತಾನೇ ಹಾಕ್ಕೊಂಡು, ನೀರು ಬೇಕಾದಾಗ ಕೇಳಿ, ಅಂಗನವಾಡಿಯಲ್ಲಿ ಅರ್ಧ ತಾಸು ಕೂತರೆ ಎಷ್ಟೋ ಮನೆಗಳಲ್ಲಿ ಅದೇ ಇಂಗ್ಲಿಷ್ ಕಾಲುವೆ ದಾಟಿದಷ್ಟು.

ನಮ್ಮ ಭಾಗಕ್ಕೆ ಇದು ಹೊಸದೇನಲ್ಲ

ಕಷ್ಟಪಟ್ಟು ನಡೆಯುವವರಿಗೆ ಕೈ ನೀಡೋದು ಉತ್ತರ ಕರ್ನಾಟಕದ ರಕ್ತದಲ್ಲೇ ಇದೆ. ಯುಗಾದಿ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರಿಗೆ ದಾರಿ ಉದ್ದಕ್ಕೂ ಊಟ, ಮಜ್ಜಿಗೆ, ಕಾಲಿಗೆ ಹಚ್ಚೋಕೆ ಎಣ್ಣೆ ಕೊಡುವವರಿದ್ದಾರೆ. ಜಾತ್ರೆ ಬಂದ್ರೆ, ಗಣಪತಿ ಕೂಡಿಸಿದ್ರೆ ಪಟ್ಟಿ ಎತ್ತೋದು ಪ್ರತಿ ಓಣಿಗೂ ಗೊತ್ತು. ನವಲಗುಂದದ ರಾಮಲಿಂಗ ಕಾಮಣ್ಣನ ಮುಂದೆ ಮಕ್ಕಳ ಸಲುವಾಗಿ ಹರಕೆ ಹೊರುವವರ ಸಾಲು ಪ್ರತಿ ಹೋಳಿಗೂ ಕಾಣುತ್ತೆ.

ಅಂಗವೈಕಲ್ಯದ ಸಲುವಾಗಿಯೇ ಮಂದಿ ಮುಂದೆ ಹೋಗಿ ರೊಕ್ಕ ಕೂಡಿಸಿದ ದೊಡ್ಡ ಉದಾಹರಣೆಯೂ ಪಕ್ಕದಲ್ಲೇ ಇದೆ. ಅಣ್ಣಿಗೇರಿಯಿಂದ ತಾಸಿನೊಳಗಿನ ದಾರಿ, ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರ ಗವಾಯಿಗಳು ಅಂಧ ಮಕ್ಕಳನ್ನ ಕಟ್ಟಿಕೊಂಡು ಊರೂರು ತಿರುಗಿ, ಸಂಗೀತ ಹೇಳಿ, ನಾಟಕ ಕಂಪನಿ ನಡೆಸಿ ಅವರ ಹೊಟ್ಟೆ ತುಂಬಿಸಿದರು, ವಿದ್ಯೆ ಕೊಟ್ಟರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರ ತನಕ ಅದನ್ನೇ ಮುಂದುವರಿಸಿದರು. ಭಕ್ತರು ಮಾಡಿದ ತುಲಾಭಾರದ ಹಣ ಆಶ್ರಮದ ಮಕ್ಕಳ ಅನ್ನವಾಯ್ತು.

ಪುಟ್ಟರಾಜರಿಗೆ ಮಂದಿ ಕೊಟ್ಟಿದ್ದು ಬರೀ ಭಕ್ತಿಯಿಂದಲ್ಲ. ಕೊಟ್ಟ ರೂಪಾಯಿ ಎಲ್ಲಿ ಹೋಗುತ್ತೆ ಅಂತ ಕಣ್ಣಿಗೆ ಕಾಣ್ತಿತ್ತು. ಆಶ್ರಮಕ್ಕೆ ಹೋದರೆ ಮಕ್ಕಳು ಊಟ ಮಾಡೋದು, ಹಾರ್ಮೋನಿಯಂ ನುಡಿಸೋದು ನೋಡಬಹುದಿತ್ತು. ಆಟಿಸಂಗೆ ಇಂಥ ಒಂದು ಕಾಣುವ ಜಾಗ ನಮ್ಮ ಹಳ್ಳಿ ತಾಲೂಕುಗಳಲ್ಲಿ ಇಲ್ಲದಿರೋದೇ ಮೂಲ ಕೊರತೆ.

ಹುಬ್ಬಳ್ಳಿಯಲ್ಲೇ ಇನ್ನೊಂದು ಪಾಠ ಇದೆ. 2017ರಲ್ಲಿ ಬಿವಿಬಿ ಕಾಲೇಜ್ ಆವರಣದಲ್ಲಿ ಅಂಗವಿಕಲರೇ ನಡೆಸುವ ಮಿಟ್ಟಿ ಕೆಫೆ ಶುರುವಾಯ್ತು. ಅದರಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರೂ ಕೆಲಸ ಮಾಡ್ತಾರೆ. 2023ರಲ್ಲಿ ಅದರ ಶಾಖೆ ಸುಪ್ರೀಂ ಕೋರ್ಟ್ ಆವರಣದಲ್ಲೂ ತೆರೆಯಿತು. ಇಲ್ಲಿನ ಮಣ್ಣಲ್ಲಿ ಇಂಥದ್ದು ಬೆಳೆಯೋದಿಲ್ಲ ಅನ್ನೋ ಮಾತಿಗೆ ಇದೇ ಉತ್ತರ.

ಬಸ್ ಚಾರ್ಜಲ್ಲ, ಕೂಲಿ ಹೋಗೋದು ಭಾರ

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಪರಿಣತರು ಇರೋದು ಬಹುಪಾಲು ಅವಳಿ ನಗರದಲ್ಲೇ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಮಾತು-ಶ್ರವಣದ ಪರಿಣತರನ್ನ ತಯಾರು ಮಾಡುವ ಜೆಎಸ್ಎಸ್ ಸಂಸ್ಥೆ ಇದೆ. ಹುಬ್ಬಳ್ಳಿಯಲ್ಲಿ ಮಂದಿ ಬಾಯಲ್ಲಿ ಇನ್ನೂ ಕಿಮ್ಸ್ ಆಗೇ ಉಳಿದಿರುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಅಂದ್ರೆ ಜಿಲ್ಲೆಗೆ ಪರಿಣತರ ಬರ ಇಲ್ಲ. ನವಲಗುಂದದಿಂದ ಹುಬ್ಬಳ್ಳಿ ಸುಮಾರು 35 ಕಿ.ಮೀ., ಅಣ್ಣಿಗೇರಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಕುಂದಗೋಳ ಇನ್ನೂ ಹತ್ತಿರ. ನಕಾಶೆ ಮೇಲೆ ಇದು ದೂರವೇ ಅಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಬಸ್ ಟಿಕೆಟ್ ಖರ್ಚೂ ಇಲ್ಲ. ಹಂಗಾದ್ರೆ ತೊಡಕೇನು? ಹಳ್ಳಿಯಿಂದ ತಾಲೂಕು ಸ್ಥಳ, ಅಲ್ಲಿಂದ ಹುಬ್ಬಳ್ಳಿ, ಅಲ್ಲಿಂದ ಇನ್ನೊಂದು ಬಸ್. ಗದ್ದಲ ತಡೆಯದ ಮಗುವನ್ನ ತುಂಬಿದ ಬಸ್‌ನಲ್ಲಿ ಕೂರಿಸಿಕೊಂಡು ಹೋಗೋದು. ಮಗು ಚೀರಿದರೆ ‘ಯಾಕವಾ, ಮಗೂನ್ನ ಹಿಡಕೋಳಾಕ ಬರೂದಿಲ್ಲೇನು’ ಅನ್ನುವವರ ಮಾತು ಕೇಳೋದು. ಮುಕ್ಕಾಲು ತಾಸಿನ ತರಬೇತಿಗೆ ಇಡೀ ದಿನ ಹೋಗುತ್ತೆ.

ಒಂದು ಲೆಕ್ಕ ಹಾಕಿ ನೋಡಬಹುದು. 2025-26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಒಂದು ತಾಲೂಕಿನ 10 ತಾಯಂದಿರು ವಾರಕ್ಕೆ ಒಂದೇ ದಿನ ಧಾರವಾಡಕ್ಕೆ ಹೋದರು ಅಂತ ಇಟ್ಟುಕೊಳ್ಳಿ. ಹತ್ತು ಮಂದಿ ಕೂಲಿ ಸೇರಿ ವಾರಕ್ಕೆ 3,700 ರೂಪಾಯಿ ಹೋಯ್ತು. ವರ್ಷಕ್ಕೆ 50 ವಾರ ಹಿಡಿದರೆ 1.85 ಲಕ್ಷ. ಇದು ಯಾವ ರಸೀದಿಯಲ್ಲೂ ಕಾಣದ ಖರ್ಚು, ಬಡವರ ಮನೆಯಿಂದಲೇ ಹೋಗುವ ಖರ್ಚು. ಹೀಗಾಗಿಯೇ ನಾಲ್ಕು ಸಲ ಹೋಗಿ ಬಂದವರು ಐದನೇ ಸಲ ಬಿಡ್ತಾರೆ. ಬೆಳೆ ಕಳೆ ಬಂದ ಹೊತ್ತಲ್ಲಂತೂ ಹೇಳೋದೇ ಬೇಡ.

ಇದನ್ನೇ ತಿರುಗಿಸಿ ನೋಡಿ. ಹತ್ತು ತಾಯಂದಿರು ಹೋಗುವ ಬದಲು ಒಬ್ಬ ಪರಿಣತರು ವಾರಕ್ಕೊಮ್ಮೆ ತಾಲೂಕು ಸ್ಥಳಕ್ಕೆ ಬಂದರೆ ಹೋಗೋದು ಒಬ್ಬರ ಒಂದು ದಿನ. ಉಳಿಯೋದು ಹತ್ತು ಮನೆಯ ಕೂಲಿ. ಕೂಡಿಸಿದ ರೊಕ್ಕ ಎಲ್ಲಿ ಹಾಕಬೇಕು ಅಂದ್ರೆ ಇಲ್ಲಿ ಹಾಕಬೇಕು: ತಾಲೂಕಿಗೆ ಒಂದು ಕೋಣೆ, ವಾರಕ್ಕೆ ಒಂದು ದಿನ, ಒಬ್ಬ ಪರಿಣತರು. ದೊಡ್ಡ ಕಟ್ಟಡ ಬೇಡ, ಉದ್ಘಾಟನೆಯ ಕಲ್ಲೂ ಬೇಡ. ಪಾಲಕರಿಗೆ ಮನೆಯಲ್ಲಿ ಕಲಿಸುವ ರೀತಿ ಹೇಳಿಕೊಡೋಕೆ ವಿಶ್ವ ಆರೋಗ್ಯ ಸಂಸ್ಥೆಯೇ ಒಂದು ತರಬೇತಿ ಕಾರ್ಯಕ್ರಮ ತಯಾರು ಮಾಡಿದೆ. ಒಂದು ದಿನ ಕಲಿತದ್ದನ್ನ ತಾಯಿ ಉಳಿದ ಆರು ದಿನ ಮನೆಯಲ್ಲಿ ಮಾಡಿಸಬಹುದು.

ಕಾನೂನಿನಲ್ಲಿ ಇರೋದು, ಕೇಳದೇ ಬಿಟ್ಟಿರೋದು

ದೇಣಿಗೆ ಎತ್ತುವ ಮೊದಲು, ಹಕ್ಕಿನಿಂದ ಬರಬೇಕಾದ್ದು ಬಂದಿದೆಯಾ ಅಂತ ನೋಡಬೇಕು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸ್ಪಷ್ಟವಾಗಿ ಸೇರಿತು. ಆ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರಂತೆ ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣ ಹಕ್ಕು. ‘ಇಂಥ ಹುಡುಗನ್ನ ನಮ್ಮ ಶಾಲ್ಯಾಗ ತಗೊಳ್ಳಾಕ ಆಗೂದಿಲ್ಲ’ ಅನ್ನೋದಕ್ಕೆ ಸರ್ಕಾರಿ ಶಾಲೆಗೆ ಅವಕಾಶ ಇಲ್ಲ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನ ತಪಾಸಣೆ ಮಾಡಬೇಕು. ಆ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ತಂಡ ಬಂದ ದಿನ ‘ನನ್ನ ಮಗು ಕರೆದರೆ ತಿರುಗೋದಿಲ್ಲ’ ಅಂತ ತಾಯಿ ಒಂದು ಮಾತು ಹೇಳಿದರೂ ಮುಂದಿನ ದಾರಿ ತೆರೀತದೆ. ಆಟಿಸಂ ಅಳೆಯೋಕೆ ನಮ್ಮ ದೇಶದ್ದೇ ಆದ 40 ಪ್ರಶ್ನೆಗಳ ಮಾಪಕ ಇದೆ. ಅದರ ಆಧಾರದ ಮೇಲೆ ಪ್ರಮಾಣಪತ್ರ, ಆಮೇಲೆ ಯುಡಿಐಡಿ ಕಾರ್ಡ್. ಕಾರ್ಡ್ ಇದ್ದರೆ ಮಾಸಾಶನ, ಬಸ್ ಪಾಸ್‌ನಂಥ ಸೌಲಭ್ಯ ಕೇಳಬಹುದು. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿ ತನಕ ರಕ್ಷಣೆ ಇದೆ, ಥೆರಪಿ ಖರ್ಚೂ ಅದರಲ್ಲಿ ಸೇರುತ್ತೆ.

ಶಿಕ್ಷಣ ಇಲಾಖೆಯ ಬಿಆರ್‌ಸಿಗಳಲ್ಲಿ ಬಿಐಇಆರ್‌ಟಿ ಶಿಕ್ಷಕರ ಹುದ್ದೆ ಇರೋದೇ ಅಂಗವಿಕಲ ಮಕ್ಕಳ ಕಲಿಕೆಗೆ. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆ ಇದೆ. ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ 5ರಷ್ಟನ್ನ ಅಂಗವಿಕಲರ ಕಲ್ಯಾಣಕ್ಕೆ ಬಳಸಬೇಕು. ನವಲಗುಂದ, ಅಣ್ಣಿಗೇರಿ ಪುರಸಭೆಗೂ, ಕುಂದಗೋಳ, ಕಲಘಟಗಿ ಪಟ್ಟಣ ಪಂಚಾಯ್ತಿಗೂ ಇದು ಅನ್ವಯ.

ಈ ಶೇ 5ರ ಹಣ ಹೆಚ್ಚಾಗಿ ಗಾಲಿಕುರ್ಚಿ, ಮೂರು ಚಕ್ರದ ಸೈಕಲ್ಲು, ಇಂಥ ಕಣ್ಣಿಗೆ ಕಾಣುವ ಸಾಮಾನಿಗೆ ಹೋಗೋದು ರೂಢಿ. ಅದೂ ಬೇಕು. ಆದರೆ ಆಟಿಸಂ ಮಗುವಿಗೆ ಕೈ-ಕಾಲು ಸರಿಯಾಗೇ ಇರ್ತವೆ, ಬೇಕಾಗಿರೋದು ಕಲಿಸುವವರ ಸಮಯ. ‘ಒಂದು ಕೋಣೆ ಕೊಡ್ರಿ, ವಾರಕ್ಕೊಬ್ಬ ಪರಿಣತರಿಗೆ ಗೌರವಧನ ಕೊಡ್ರಿ’ ಅಂತ ಬರವಣಿಗೆಯಲ್ಲಿ ಕೇಳಿದ ಅರ್ಜಿ ಮುಂದೆ ಇಲ್ಲದಿದ್ದರೆ ಅಧಿಕಾರಿ ಹಳೇ ಪಟ್ಟಿಯನ್ನೇ ಮುಂದುವರಿಸ್ತಾರೆ.

ಹಂಗಾದ್ರೆ ನಡಿಗೆ ಬೇಡವಾ?

ಬೇಕು. ಸರದಿ ಮಾತ್ರ ಬದಲಾಗಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘ ಕಟ್ಟೋಕೆ ಏಳು ಮಂದಿ ಸಾಕು. ಒಂದು ತಾಲೂಕಿನಲ್ಲಿ ಏಳು ಪಾಲಕರು ಸಿಗೋದಿಲ್ಲ ಅಂತಿಲ್ಲ. ಸಿಗದಿರೋದು ಅವರಿಗೆ ಒಬ್ಬರಿಗೊಬ್ಬರ ಪರಿಚಯ. ಒಬ್ಬ ಪಾಲಕರು ಬ್ಯಾನರ್ ಹಿಡಿದು ನಡೆದರೆ ಮೊದಲ ಲಾಭ ರೊಕ್ಕ ಅಲ್ಲ, ‘ನಮ್ಮ ಮನ್ಯಾಗೂ ಹಿಂಥಾ ಕೂಸು ಐತ್ರಿ’ ಅಂತ ಹೇಳೋಕೆ ಉಳಿದ ಆರು ಮಂದಿ ಮುಂದೆ ಬರೋದು. ಮನೆಯೊಳಗೆ ಮುಚ್ಚಿಟ್ಟ ಮಾತು ರಸ್ತೆಗೆ ಬರೋದೇ ನಡಿಗೆಯ ದೊಡ್ಡ ಗಳಿಕೆ.

ಸಂಘ ಆಯ್ತು, ಪುರಸಭೆಯಿಂದಲೋ ಶಾಲೆಯಿಂದಲೋ ಕೋಣೆ ಸಿಕ್ಕಿತು, ವಾರಕ್ಕೊಮ್ಮೆ ಬರೋಕೆ ಪರಿಣತರು ಒಪ್ಪಿದರು. ಆಮೇಲೆ ನಡಿಗೆ. ನವಲಗುಂದದಿಂದ ಹುಬ್ಬಳ್ಳಿಗೆ 35 ಕಿ.ಮೀ., ಕಿಲೋಮೀಟರಿಗೆ 10 ರೂಪಾಯಿ ಅಂದ್ರೆ ಒಬ್ಬರಿಂದ 350. ಅಂಥ 500 ಮಂದಿ ಮಾತು ಕೊಟ್ಟರೆ 1.75 ಲಕ್ಷ. ಈ ಮೊದಲು ಹೇಳಿದ, ಹತ್ತು ಮನೆಗಳು ವರ್ಷಕ್ಕೆ ಕಳೆದುಕೊಳ್ಳುವ ಕೂಲಿಯ ಹತ್ತಿರ ಹತ್ತಿರದ ಮೊತ್ತ ಇದು. ಒಂದು ದೊಡ್ಡ ಊರಿನ ಗಣಪತಿ ಪಟ್ಟಿಗೆ ಕೊಡುವವರ ಸಂಖ್ಯೆಗಿಂತ 500 ಹೆಚ್ಚೇನಲ್ಲ. ತಾಯಂದಿರೇ ನಡೀಬೇಕು ಅಂತಿಲ್ಲ. ಕಾಲೇಜು ಹುಡುಗರು, ಕಾಕಾ, ಮಾಮಾ, ಶಾಲೆಯ ಮಾಸ್ತರು ನಡೀಬಹುದು. ಮಗುವನ್ನ ನೋಡಿಕೊಂಡು ಸುಸ್ತಾದ ತಾಯಿ ಮೇಲೆ ಇನ್ನೊಂದು ಹರಕೆ ಹೊರಿಸೋದು ಬೇಡ.

ಎಚ್ಚರ ಇರಲಿ

ಒಂದು, ಮಗುವಿನ ಮಾನ. ಮಂದಿ ಮನಸ್ಸು ಕರಗಿಸೋಕೆ ಮಗು ಚೀರಾಡುವ ವಿಡಿಯೋ ಹಾಕೋದು ಸುಲಭ. ಅಮೆರಿಕದ ಆಟಿಸಂ ಸ್ಪೀಕ್ಸ್ ಸಂಸ್ಥೆ 2009ರಲ್ಲಿ ಆಟಿಸಂ ಅನ್ನ ಮಕ್ಕಳನ್ನ ಕದಿಯುವ ದುಷ್ಟನಂತೆ ತೋರಿಸಿ ವಿಡಿಯೋ ಮಾಡಿದಾಗ, ಆಟಿಸಂ ಇರುವ ದೊಡ್ಡವರೇ ಎದ್ದು ನಿಂತು ವಿರೋಧ ಮಾಡಿದರು. ಇವತ್ತು ಹಾಕಿದ ವಿಡಿಯೋ ಆ ಮಗು ದೊಡ್ಡವನಾದ ಮೇಲೂ ಯಾರದೋ ಫೋನಿನಲ್ಲಿ ಇರುತ್ತೆ. ಮುಖ, ಹೆಸರು, ಊರು ಇಲ್ಲದೆಯೂ ಕೇಳಬಹುದು.

ಎರಡು, ಮಗುವಿನ ಕಿವಿ. ಆಟಿಸಂ ನಡಿಗೆಗೆ ಡಿಜೆ, ಪಟಾಕಿ, ಡೊಳ್ಳು ತರಿಸಿದರೆ ಯಾರ ಸಲುವಾಗಿ ನಡಿಗೆಯೋ ಅವರೇ ಬರೋಕೆ ಆಗೋದಿಲ್ಲ.

ಮೂರು, ಖಾತೆ. ವಾಟ್ಸಾಪ್‌ನಲ್ಲಿ ಬರುವ ಕ್ಯೂಆರ್ ಕೋಡ್ ಒಬ್ಬರ ಸ್ವಂತ ಖಾತೆಯದೋ ನೋಂದಾಯಿತ ಸಂಘದ್ದೋ ನೋಡಿ ಕೊಡಬೇಕು. ರಸೀದಿ ಕೇಳಬೇಕು. ಆದಾಯ ತೆರಿಗೆಯ 80ಜಿ ವಿನಾಯಿತಿ ಇದೆ ಅಂದ್ರೆ ನೋಂದಣಿ ಸಂಖ್ಯೆ ಕೇಳಬೇಕು. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವಿನಾಯಿತಿ ಸಿಗೋದಿಲ್ಲ. ಕೂಡಿದ್ದು ಎಷ್ಟು, ಖರ್ಚಾಗಿದ್ದು ಎಷ್ಟು ಅಂತ ಗುಡಿಯ ಗೋಡೆಗೆ ಜಾತ್ರೆ ಲೆಕ್ಕ ಹಚ್ಚಿದ ಹಾಗೆ ಹಚ್ಚಬೇಕು.

ನಾಲ್ಕು, ‘ಪೂರ್ತಿ ವಾಸಿ ಮಾಡ್ತೀವಿ’ ಅನ್ನುವವರು. ಸ್ಟೆಮ್ ಸೆಲ್ ಹೆಸರಲ್ಲಿ ಲಕ್ಷಗಟ್ಟಲೆ ಕೇಳುವ ಜಾಹೀರಾತುಗಳು ಹಳ್ಳಿ ಫೋನಿಗೂ ಬರ್ತವೆ. ಆಟಿಸಂಗೆ ಈ ಚಿಕಿತ್ಸೆ ಶಿಫಾರಸು ಮಾಡುವಂಥದ್ದಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮಂದಿ ಬೆವರಿನ ದೇಣಿಗೆ ಅಲ್ಲಿಗೆ ಹೋಗಬಾರದು, ಹೊಲ ಅಡವಿಟ್ಟ ರೊಕ್ಕವಂತೂ ಹೋಗಲೇಬಾರದು.

ಮೊದಲ ಹೆಜ್ಜೆ

ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರುವಾಸಿ. ಮಗು ಹುಟ್ಟಿದಾಗ ಅಷ್ಟು ಚೆಂದದ ತೊಟ್ಟಿಲು ಕಟ್ಟುವ ಸೀಮೆ, ಅದೇ ಮಗು ಮೂರು ವರ್ಷವಾದರೂ ಮಾತಾಡದಿದ್ದಾಗ ತಾಯಿಯನ್ನ ಒಬ್ಬಳೇ ಬಸ್ ಸ್ಟ್ಯಾಂಡಿಗೆ ಕಳಿಸಬಾರದು. ಲಂಡನ್ನಿನ ಪಾಲಕರಿಗೆ 1962ರಲ್ಲಿ ಕಾನೂನಿನ ಬಲ ಇರಲಿಲ್ಲ, ಗದಗಿನ ಗವಾಯಿಗಳಿಗೂ ಇರಲಿಲ್ಲ. ನಮ್ಮ ಪಾಲಕರಿಗೆ ಇದೆ.

ಯಾವ ಮನೆಯಲ್ಲಿ ಅನುಮಾನ ಇದೆಯೋ ಅವರು ಈ ವಾರವೇ ಅಂಗನವಾಡಿ ಟೀಚರ್ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ ತಪಾಸಣಾ ತಂಡ ಬರುವ ದಿನ ಕೇಳಬೇಕು. ಈಗಾಗಲೇ ಆಟಿಸಂ ಅಂತ ಗೊತ್ತಾದವರು ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನ ಕಂಡು, ಊರಲ್ಲಿ, ಪಕ್ಕದ ಊರಲ್ಲಿ ಇನ್ನಾರಿದ್ದಾರೆ ಅಂತ ತಿಳಿದು, ಏಳು ಹೆಸರು ಕೂಡಿಸಬೇಕು. ಮುಂದಿನ ಗ್ರಾಮಸಭೆಯಲ್ಲೋ ಪುರಸಭೆಯಲ್ಲೋ ಶೇ 5ರ ಹಣದ ಲೆಕ್ಕ ಕೇಳಿ, ಕೋಣೆ ಮತ್ತು ಪರಿಣತರ ಅರ್ಜಿ ಕೊಟ್ಟು, ಸ್ವೀಕೃತಿ ತಗೋಬೇಕು. ಅಷ್ಟಾದ ಮೇಲೆ ಬ್ಯಾನರ್ ಕಟ್ಟಿ ನಡಿಗೆ ಶುರು ಮಾಡಿದರೆ, ಕಿಲೋಮೀಟರಿಗೆ ಹತ್ತು ರೂಪಾಯಿ ಕೊಡೋಕೆ ಈ ಭಾಗದ ಮಂದಿ ಹಿಂದೆ ಸರಿಯೋದಿಲ್ಲ.